ನಲವತ್ತಮೂರನೆಯ ಪುಟ

ಮತ್ತೆ ಹೆಬ್ಬೆರಳಿಗೆ ಎಂಜಲು ಹಚ್ಚಿದ, ನಲವತ್ತೊಂದು, ಸದ್ಯ, ಇನ್ನೆರಡೇ ಪುಟ ಗುರ್ಮೇಲ್ ಸಿಂಗಣ್ಣ, ಇನ್ನೆರಡೇ — ಅಣ್ಣ ಅಂತೆ, ಯಾರ ಅಣ್ಣ, ರಾಜೇಶ್ವರಿ, ನೀನೀಗ ಫೆಡರಲ್ ಕೋರ್ಟಿನ ನ್ಯಾಯಾಧೀಶೆ, ಮೂರು ತಿಂಗಳಾಯಿತು, ಬಾಯಿ ಮುಚ್ಚಿಕೊಂಡು ಕೂರುವುದಕ್ಕೇ ನಿನಗೆ ಸಂಬಳ. ಇಪ್ಪತ್ತಾರು ವರ್ಷ ಕಾರ್ಮಿಕರ ವಕೀಲೆಯಾಗಿ ಕೂಗಾಡಿದ್ದೇನೆ, ವಿಮಾನಕ್ಕೆ ಲಗೇಜು ತುಂಬುವವರಿಗಾಗಿ, ಪೋಸ್ಟಿನವರಿಗಾಗಿ, ಇವನಂಥ ಲಾರಿ ಡ್ರೈವರುಗಳಿಗಾಗಿ, ಈಗ ನೋಡಿದರೆ ಈ ಪುಣ್ಯಾತ್ಮ ವಕೀಲನಿಲ್ಲದೆ ತಾನೇ ವಾದಿಸಲು ಬಂದಿದ್ದಾನೆ. ಬ್ರೇಕು ಸರಿಯಿಲ್ಲ, ಈ ಹಿಮದಲ್ಲಿ ಲಾರಿ ಒಯ್ಯುವುದಿಲ್ಲ ಎಂದಿದ್ದ, ಅಷ್ಟಕ್ಕೇ ಹತ್ತೊಂಬತ್ತು ವರ್ಷದ ನೌಕರಿ ಹೋಯಿತು, ಬ್ರೇಕು ಚೆನ್ನಾಗಿಯೇ ಇತ್ತು, ಇವನಿಗೆ ಸೋಮಾರಿತನ ಎಂದು ಕೆಳಗಿನ ಹಂತದಲ್ಲಿ ತೀರ್ಪು ಕೊಟ್ಟ ಮಹಾಶಯ ಬರೆದ, ಬ್ರೇಕು ಕೆಟ್ಟಿದೆ ಎಂದು ಕಂಪನಿಯ ಮೆಕ್ಯಾನಿಕ್ಕೇ ಸಹಿ ಹಾಕಿದ ಚೀಟಿ ನಲವತ್ತಮೂರನೆಯ ಪುಟದಲ್ಲಿ ಕೂತಿದೆ, ಮಹಾಶಯ ಅದರ ಸುದ್ದಿಯನ್ನೇ ಎತ್ತಿಲ್ಲ, ಎತ್ತಿಲ್ಲ ನೋಡಿ ಮೇಡಂ ಎಂದು ಇವನು ಒಂದು ಮಾತು ಅಂದರೆ ಸಾಕು, ಆ ತೀರ್ಪು ಬಿದ್ದುಹೋಗುತ್ತದೆ, ಆದರೆ ಇವನೇ ಅನ್ನಬೇಕು, ನಾನು ಅನ್ನುವಂತಿಲ್ಲ. ಇವನೋ, ಐ ನೆವರ್ ಲೇಟ್ ಮೇಡಂ, ವನ್ ಟೈಮ್ ಓನ್ಲಿ ಲೇಟ್, ದಟ್ ಡೇ ಡಾಟರ್ ಬಾರ್ನ್ — ಅಯ್ಯೋ ಮಾರಾಯ, ಪುಟ ತಿರುವು.

ಹಿಂದಿನ ಬೆಂಚಿನಲ್ಲಿ ಅವ್ವ ಬೇರೆ, ಇಳಕಲ್ ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು, ಮಿಲ್ಟನ್ನಿನ ಮನೆಯಿಂದ ಏಳು ಗಂಟೆಯ ಟ್ರೇನಿಗೇ ಹೊರಟು ಬಂದಿದ್ದಾಳೆ, ನೀ ಸುತ್ತಿಗಿ ಬಡಿಯೂದು ನೋಡಬೇಕವಾ ಎಂದಳು ಬೆಳಿಗ್ಗೆ, ಇಲ್ಲಿ ಸುತ್ತಿಗೆ ಇರುವುದಿಲ್ಲವ್ವ, ಸುತ್ತಿಗಿ ಇಲ್ಲ, ಮಾತೂ ಆಡಂಗಿಲ್ಲ, ಇದೆಂಥಾ ನೌಕರಿ ಹಿಡದೀಯವಾ. ಈ ಕೋರ್ಟಿನ ನ್ಯಾಯಾಧೀಶರು ಒಟ್ಟಾವಾ ಹತ್ತಿರವೇ ಮನೆ ಮಾಡಬೇಕು, ಕಾನೂನೇ ಹಾಗಿದೆ ಎಂದರೆ, ಮೂರು ತಿಂಗಳದಾಗ ಟ್ರಾನ್ಸ್‌ಫರ್ ಮಾಡ್ಯಾರ ಅಂದ್ರ ಯಾರಿಗೋ ಏನೋ ಅಂದೀ ನೀ, ಖರೇ ಹೇಳು — ನಲವತ್ತೆರಡು! ಬಂತು, ಹೆಬ್ಬೆರಳು ನಾಲಿಗೆಗೆ ಹೋಯಿತು, ಇಳಿಯಿತು, ತಿರುವಿತು, ನಲವತ್ತನಾಲ್ಕು. ನಲವತ್ತನಾಲ್ಕು? ಎರಡು ಪುಟ ಒಂದಕ್ಕೊಂದು ಅಂಟಿವೆ, ಚಹಾದ ಕಲೆ ಕಾಣುತ್ತಿದೆ, ಮುಚ್ಚಿಯೇಬಿಟ್ಟ ಫೈಲು, ದಟ್ಸ್ ಆಲ್ ಮೇಡಂ.

ನನ್ನ ಬಾಯಿ ತಾನಾಗಿ ತೆರೆಯಿತು, ಮಿಸ್ಟರ್ ಸಿಂಗ್, ಆ ಪುಟ, ಇಷ್ಟೇ ಅಂದಿದ್ದು, ಕಂಪನಿಯ ವಕೀಲ ಹುಡುಗಿ ಥಟ್ಟನೆ ಎದ್ದಳು, ಮೃದುವಾಗಿ, ಬೆಣ್ಣೆಯ ಹಾಗೆ, ದಯವಿಟ್ಟು ನಾವು ಕೊಟ್ಟ ಹಳೇ ತೀರ್ಪುಗಳಲ್ಲಿ ಮೂರನೆಯದನ್ನು ನೋಡಬೇಕು, ಎರಡು ಸಾವಿರದ ಮೂರನೆಯ ಇಸವಿಯದು, ನ್ಯಾಯಾಧೀಶರು ಯಾವ ಕಕ್ಷಿದಾರನ ವಕೀಲಿಯನ್ನೂ ಮಾಡಕೂಡದು. ಅದು ಯಾರ ವಾದ, ನಂದೇ! ಒಬ್ಬ ಮುದುಕ ನ್ಯಾಯಾಧೀಶ ಕಂಪನಿಯವರಿಗೆ ಪುಟ ಹುಡುಕಿಕೊಟ್ಟಿದ್ದ, ನಾನು ರಂಪ ಮಾಡಿ, ಮೇಲಿನ ಕೋರ್ಟಿಗೆ ಹೋಗಿ, ಗೆದ್ದು, ಆ ಸಾಲಿಗೆ ಚೌಕಟ್ಟು ಹಾಕಿಸಿ ಮೆಡೋವೇಲ್‌ನ ನನ್ನ ಆಫೀಸಿನಲ್ಲಿ ತೂಗುಹಾಕಿದ್ದೆ, ಹದಿನೈದು ವರ್ಷ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು, ಇವಳೂ ನೋಡಿರಬೇಕು, ನನ್ನಲ್ಲೇ ಕೆಲಸ ಕಲಿತವಳಲ್ಲವೇ, ನಾಚಿಕೆಯಾಗುತ್ತಿದೆ, ಸಿಟ್ಟೂ ಬರುತ್ತಿದೆ, ಒಳ್ಳೇ ವಾದ ಮಾಡಿದಳು ಅಂತ ಖುಷಿಯೂ ಆಗುತ್ತಿದೆ, ಹಾಳಾಗಿ ಹೋಗಲಿ. ಒಬ್ಬನಿಗೆ ಹೇಳಿದರೆ ತಾನೇ ವಕೀಲಿ, ಇಬ್ಬರಿಗೂ ಹೇಳಿದರೆ? ಹದಿನೈದು ನಿಮಿಷ ಬಿಡುವು, ಎರಡೂ ಕಡೆಯವರು ದಾಖಲೆಯ ಒಂದೊಂದು ಪುಟವನ್ನೂ ಬಿಡಿಸಿ ಓದಿಕೊಂಡು ಬನ್ನಿ ಎಂದೆ. ಹುಡುಗಿ ಅರ್ಧ ಎದ್ದಳು, ತನ್ನ ಫೈಲು ಎಳೆದುಕೊಂಡು ಕೂತಳು.

ಬಿಡುವು ಮುಗಿಯಿತು, ಇವನ ಓದು ಮುಗಿದಿಲ್ಲವಂತೆ, ಎದ್ದು ನಿಂತಿದ್ದಾನೆ, ಒಂದನೆಯ ಪುಟದಿಂದ ಶುರು ಮಾಡಿದ್ದಾನೆ ಪುಣ್ಯಾತ್ಮ, ಮಾಡಲಿ, ಮೂವತ್ತು, ನಲವತ್ತು, ನಲವತ್ತೊಂದು, ನಲವತ್ತೆರಡು, ಹೆಬ್ಬೆರಳು ನಾಲಿಗೆಗೆ, ಹೆಬ್ಬೆರಳು ಪುಟದ ಮೂಲೆಗೆ, ಏಳುತ್ತಿಲ್ಲ, ತೀಡುತ್ತಿದ್ದಾನೆ, ಮೇಜಿನ ಕೆಳಗೆ ನನ್ನ ಹೆಬ್ಬೆರಳೂ ತೀಡುತ್ತಿದೆ, ತೀಡು, ಅವಸರ ಮಾಡಬೇಡ, ಅಂಚು ಬಿಟ್ಟಿತು, ಅರ್ಧ ಎದ್ದಿತು, ನಿಂತಿತು, ಚಹಾದ ಕಲೆ, ಒದ್ದೆ ಹೆಬ್ಬೆರಳು, ಅದರ ಮೇಲೆ ಪುಟ, ಹೆಬ್ಬೆರಳು, ಪುಟ —