ಸ್ಟೀಲು ಬೋಗುಣಿಯ ಬಳ್ಳಿ

ಗುಜರಿ ಅಂಗಡಿಯವನಿಗೆ ಆ ಮನೆಯ ಕಿರಿಸೊಸೆ ಚಿಕ್ಕವಳನ್ನು ಕಂಡರೆ ನಗು. ಹಳೇ ಪಾತ್ರೆಗಳ ರಾಶಿಯ ಮುಂದೆ ಮೊಣಕಾಲೂರಿ, ಒಂದೊಂದನ್ನೇ ಬೋರಲು ಹಾಕಿ ಬೆನ್ನು ಸವರಿ ನೋಡುವ ಗಿರಾಕಿ ಅವಳೊಬ್ಬಳೇ.

"ಏನಮ್ಮಾ, ಪಾತ್ರೆಗೆ ಜ್ವರಾನಾ? ಹಂಗೆ ಮುಟ್ಟಿ ಮುಟ್ಟಿ ನೋಡ್ತೀಯ?"

"ಇನ್ನೂ ಬಂದಿಲ್ಲಣ್ಣ. ಬರಿಸೋಕೇ ಒಯ್ತಿದ್ದೀನಿ."

ಬೋರಲು ಪಾತ್ರೆಯನ್ನೇ ಅಚ್ಚಾಗಿಸಿ, ಮೇಲೆ ಗಾಜಿನ ಹಾಳೆಯಿಟ್ಟು ಕುಲುಮೆಯಲ್ಲಿ ಕಾಯಿಸಿದರೆ ಗಾಜು ಮೆತ್ತಗಾಗಿ ಅದರ ಆಕಾರಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಕುಲುಮೆಯ ಕಾವು ತಡೆಯದು. ಸತು ಬಳಿದ ಬಕೆಟ್ಟು ವಿಷದ ಹೊಗೆ ಬಿಡುತ್ತದೆ. ಹೊಟ್ಟೆ ಉಬ್ಬಿದ ಪಾತ್ರೆಯನ್ನು ಗಾಜು ಒಮ್ಮೆ ತಬ್ಬಿತೆಂದರೆ ಬಿಡಿಸಲು ಸುತ್ತಿಗೆಯೇ ಬೇಕು. ಅವಳಿಗೆ ಬೇಕಿದ್ದದ್ದು ಬಾಯಿ ಅಗಲ, ತಳ ಕಿರಿದಾದ, ಎಲ್ಲೂ ಸೊಟ್ಟಗಾಗದ ಸ್ಟೀಲು ಬೋಗುಣಿ. ರಾಶಿಯ ತಳದಲ್ಲಿ ಅದು ಸಿಕ್ಕಿದಾಗ, ಹೋದ ವರ್ಷದಿಂದ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿಗೆ ಒಂದು ಒಲೆ ಸಿಕ್ಕಿದಂತಾಯಿತು.

ಹೋದ ವರ್ಷ ಕರಕುಶಲ ಪ್ರದರ್ಶನಕ್ಕೆ ಅವಳು ಮಾಡಿಟ್ಟ ಆರು ಗಾಜಿನ ದೀಪಗಳ ಕೆಳಗೆ ಓರಗಿತ್ತಿ, ಅಂದರೆ ದೊಡ್ಡವಳು, ತನ್ನ ಹೆಸರಿನ ಚೀಟಿ ಅಂಟಿಸಿದ್ದಳು. ಮೊದಲ ಬಹುಮಾನವೂ ಬಂತು. ಮನೆಗೆ ಬಂದು ಕೇಳಿದರೆ ಅತ್ತೆ, "ಬಹುಮಾನ ಮನೆಗೇ ಬಂತಲ್ಲ, ಯಾವ ಸೊಸೆ ಹೆಸರಲ್ಲಿ ಬಂದ್ರೇನು?" ಎಂದರು. ದೊಡ್ಡವಳು ನಕ್ಕು, "ಅಚ್ಚೊಂದಿದ್ರೆ ಸಾಕು ಕಣೇ, ಗಾಜು ತಾನೇ ಕೂರುತ್ತೆ. ಅದೇನು ಮಹಾ ವಿದ್ಯೆ?" ಎಂದಳು. ಆ ಮಾತು ಚಿಕ್ಕವಳಿಗೆ ಬಹುಮಾನಕ್ಕಿಂತ ಹೆಚ್ಚು ಚುಚ್ಚಿತು. ಈ ವರ್ಷವಂತೂ ಗೆದ್ದವರಿಗೆ ಕರಕುಶಲ ಶಾಲೆಯಲ್ಲಿ ಕುಲುಮೆ ಕಲಿಸುವ ಟೀಚರ್ ಕೆಲಸ. ಆ ಕೆಲಸ ತನ್ನದಾಗಬೇಕು. ಅದಕ್ಕಿಂತ ಮೊದಲು ದೊಡ್ಡವಳ ಬಾಯಿಗೆ ಬೀಗ ಬೀಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹಿತ್ತಲಿನ ಶೆಡ್ಡಿನಲ್ಲಿ ಕೂತು ಅವಳು ಬೋಗುಣಿಯ ಹೊಳಪನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತೆಗೆದಳು. ನುಣುಪಾದ ಸ್ಟೀಲಿಗೆ ಬಿಳಿ ಲೇಪ ಹಿಡಿಯದು. ಲೇಪವಿಲ್ಲದಿದ್ದರೆ ಗಾಜು ಲೋಹಕ್ಕೇ ಅಂಟಿ ಕೂರುತ್ತದೆ. ಬೋಗುಣಿಯನ್ನು ಚೆನ್ನಾಗಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಮಜ್ಜಿಗೆಯಷ್ಟು ತೆಳುವಾದ ಲೇಪವನ್ನು ಕುಂಚದಿಂದ ಎಳೆದಳು. ಚುಂಯ್ ಎಂದು ಅಲ್ಲೇ ಆರಿತು. ಮತ್ತೆ ಕಾಯಿಸಿದಳು, ಮತ್ತೆ ಬಳಿದಳು. ಐದು ಸಲ.

ಆಮೇಲೆ ಅದೇ ಲೇಪವನ್ನು ಗಟ್ಟಿಯಾಗಿ ಕಲಸಿ, ಸಣ್ಣ ಕುಂಚದಿಂದ ಬೋಗುಣಿಯ ಹೊರಮೈ ಮೇಲೆ ಉಬ್ಬುಗೆರೆಯ ಬಳ್ಳಿ ಬಿಡಿಸಿದಳು. ನಮ್ಮ ಅಕ್ಷರಗಳಿಗೆ ಮೊದಲೇ ಬಳ್ಳಿಯ ಬಳುಕು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು ನಾಲ್ಕು ಎಲೆ ಸೇರಿಸಿದರೆ ಬರೆದವಳಿಗೂ ಬಳ್ಳಿಯೇ ಕಾಣುತ್ತದೆ. ಅಚ್ಚನ್ನು ಎದುರಿಗೇ ಕಾಣುವಂತೆ ಮೇಜಿನ ಮೇಲಿಟ್ಟು, "ಅಮ್ಮನ ಮನೆಗೆ ಹೋಗಿ ಮೂರು ದಿನ ಇದ್ದು ಬರ್ತೀನಿ" ಎಂದು ಹೊರಟಳು. ದಾರಿಯುದ್ದಕ್ಕೂ ಅವಳಿಗಿದ್ದದ್ದು ಒಂದೇ ಭಯ, ದೊಡ್ಡವಳಿಗೆ ಎಲ್ಲಿ ಒಳ್ಳೇ ಬುದ್ಧಿ ಬಂದುಬಿಡುತ್ತದೋ ಎಂದು.

ಬರಲಿಲ್ಲ. ಮೂರು ದಿನದ ಮೇಲೆ ಬಂದು ನೋಡಿದರೆ ಅಚ್ಚು ಮೂಲೆಯಲ್ಲಿ ಬಿದ್ದಿತ್ತು, ಕುಲುಮೆ ಇನ್ನೂ ಬೆಚ್ಚಗಿತ್ತು, ದೊಡ್ಡವಳು ಮಾತಿಗೊಂದು ಸಲ "ತಂಗೀ" ಎನ್ನುತ್ತಿದ್ದಳು. ಚಿಕ್ಕವಳು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಪ್ರದರ್ಶನದಲ್ಲಿ ದೊಡ್ಡವಳ ದೀಪದ ಸುತ್ತ ಜನ ನೆರೆದಿತ್ತು. ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು. ತೀರ್ಪುಗಾರ ಗಾಜಿನ ಮೇಲೆ ಬೆರಳಾಡಿಸಿ, "ಪೂರ್ತಿ ನೀವೇ ಮಾಡಿದ್ದಾ?" ಎಂದು ಕೇಳಿದ.

"ಅಚ್ಚಿನಿಂದ ಹಿಡಿದು ಎಲ್ಲಾ ನಂದೇ ಕೈಕೆಲಸ. ಈ ಬಳ್ಳಿ ನೋಡಿ, ಇದಕ್ಕೇ ಎರಡು ದಿನ ಹಿಡೀತು."

"ಪರದೆ ಎಳೀರಪ್ಪ, ದೀಪ ಹಚ್ಚಿ ನೋಡೋಣ."

ಪರದೆ ಎಳೆದರು. ಗಾಜಿನೊಳಗೆ ಬಲ್ಬು ಹತ್ತಿತು. ಹಿಂದಿನ ಬಿಳಿ ಗೋಡೆಯ ಮೇಲೆ ಬಳ್ಳಿ ಆಳೆತ್ತರಕ್ಕೆ ಬೆಳೆದು, ಎಲೆಗಳ ನಡುವಿನಿಂದ ನಾಲ್ಕು ಅಕ್ಷರ ನೆಟ್ಟಗೆ ಎದ್ದು ನಿಂತವು.

"ಅದೇನೋ ಬರೆದಂಗಿದೆ. ನನ್ನ ಕನ್ನಡಕ ಮೇಜಿನ ಮೇಲುಳೀತು, ನೀವೇ ಓದಿ ಅಮ್ಮಾ," ಎಂದ ತೀರ್ಪುಗಾರ.

ದೊಡ್ಡವಳು ತಿರುಗಿ ನೋಡಿ ಗಟ್ಟಿಯಾಗಿ ಓದಿದಳು. "ನನ್ನದ..." ಎಂದಳು, ಅಲ್ಲಿಗೆ ನಾಲಿಗೆ ತಡವರಿಸಿತು. ಆದರೂ ಹೊರಟ ಮಾತು ನಿಲ್ಲಲಿಲ್ಲ. "ನನ್ನದಲ್ಲ."

"ನಿಮ್ಮದಲ್ವಾ? ಮತ್ತೆ ಯಾರದು?"

ಹಿಂದಿನಿಂದ ಚಿಕ್ಕವಳು ಬಂದು ಬಟ್ಟೆ ಬಿಚ್ಚಿದಳು. ಬಲ್ಬು ಆರಿಸಿ, ಗಾಜನ್ನೆತ್ತಿ ಬೋಗುಣಿಯ ಮೇಲಿಟ್ಟಳು. ಗೆರೆಗೆ ಗೆರೆ ಕೂತಿತು. "ನಂದು" ಎಂದಳು. ಆ ಒಂದು ಮಾತಿಗಾಗಿ ಅವಳು ವರ್ಷವಿಡೀ ಹಲ್ಲು ಕಚ್ಚಿದ್ದಳು. ಈಗ ಅದು ಬಾಯಲ್ಲಿ ಬೆಲ್ಲದಂತೆ ಕರಗಿತು, ಮತ್ತು ಅವಳಿಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ. ತೀರ್ಪುಗಾರ ದೀಪದ ಚೀಟಿಯಲ್ಲೂ ಟೀಚರ್ ಕೆಲಸದ ಪಟ್ಟಿಯಲ್ಲೂ ಅವಳ ಹೆಸರು ಬರೆಸಿದ. ಅತ್ತೆ ತಮ್ಮ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಮನೆಗೆ ಮರಳುವ ದಾರಿಯಲ್ಲಿ ದೊಡ್ಡವಳು ಸಿಡುಕಿದಳು. "ಅಷ್ಟು ಜನದ ಮುಂದೆ ಮಾನ ಕಳೀಬೇಕಿತ್ತಾ? ಮೊದಲೇ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಬರೆದಿಟ್ಟೇ ಹೋಗಿದ್ದೆನಲ್ಲಕ್ಕಾ," ಎಂದಳು ಚಿಕ್ಕವಳು. "ಕದಿಯೋಕೆ ಮುಂಚೆ ದೀಪ ಹಚ್ಚಿ ನೋಡ್ಬೇಕಿತ್ತು."