ನಾಲ್ಕನೆಯ ಮೂಲೆ

ಫೈಬರ್ ಅಚ್ಚನ್ನು ನೆಲಕ್ಕಿಳಿಸಿದಾಗ ಮೂರು ಮೂಲೆ ಕೂತವು, ನಾಲ್ಕನೆಯದು ಕೂರಲಿಲ್ಲ. ಕುಸುಮಾ ಅಂಗೈಯಿಂದ ಒತ್ತಿದಳು. ಕೂತಿತು. ಕೈ ತೆಗೆದಳು. ಮತ್ತೆ ಎದ್ದಿತು.

"ನೆಲಾನೇ ಸರಿಯಿಲ್ಲ ಅನ್ಸುತ್ತೆ ಅಕ್ಕ," ಅಂದ ವೆಲ್ಡಿಂಗಿನ ಸುನಿಲ್.

ನೆಲಕ್ಕೇನಾಗಿತ್ತು ಧಾಡಿ! ಮಟ್ಟ ಹಿಡಿದು ಅದಕ್ಕೆ ಗಾರೆ ಹಾಕಿದವನು ಅವಳ ಗಂಡ ಚೇತನ್‌ಕುಮಾರ್. ಶನಿವಾರಸಂತೆ ಸುತ್ತಿನ ಎಸ್ಟೇಟ್ ಜೀಪುಗಳಿಗೆಲ್ಲ ಫೈಬರ್ ಟಾಪು ಮಾಡಿ ಕೂರಿಸುತ್ತಿದ್ದವನು. ಹೊಸ ನಮೂನೆಯ ಟಾಪಿಗೆಂದು ಹಲಸಿನ ಹಲಗೆಯಲ್ಲಿ ಮಾದರಿ ಮಾಡಿ, ಉಜ್ಜಿ ಉಜ್ಜಿ ಕನ್ನಡಿಯಂತಾಗಿಸಿ, ಅದರ ಮೇಲೆ ಅಚ್ಚು ತೆಗೆಯುವ ಮೊದಲೇ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ.

ಕಾರ್ಯ ಮುಗಿದ ಮಾರನೆಯ ದಿನವೇ ಭಾವ ಗಂಗಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು, "ಶುಂಠಿ ತುಂಬಕ್ಕೆ ಒಳ್ಳೆ ಜಾಗ," ಅಂದಿದ್ದ.

"ಇದೊಂದು ಅಚ್ಚು ತೆಗಿತೀನಿ ಭಾವ. ಸರಿ ಬಂದ್ರೆ ಕೆಲ್ಸ ನಾನೇ ನಡೆಸ್ತೀನಿ. ಕೆಟ್ರೆ ಬೀಗದ ಕೈ ನಿಮ್ಗೇ," ಅಂದಿದ್ದಳು ಕುಸುಮಾ.

ಹೇಳಿದಂತೆಯೇ ಮಾಡಿದಳು. ರೆಸಿನ್ ಅಂಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಮಿತವಾಗಿ ಬೆರೆಸಿ, ಒಂದು ಪದರದ ಕಾವು ಇಳಿದ ಮೇಲೆ ಇನ್ನೊಂದು ಪದರ ಹಾಕಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಿದ್ದ ಚೇತನ್. ಒಂದು ಕಡೆ ಬೇಗ ಬಲಿತರೆ ಅದು ಇನ್ನೊಂದು ಕಡೆಯನ್ನು ಎಳೆದು ಸೊಟ್ಟ ಮಾಡುತ್ತದೆ. ಪೂರ್ತಿ ಬಲಿತ ಮೇಲೆ, ಅಚ್ಚು ಮಾದರಿಯ ಮೇಲಿರುವಾಗಲೇ ಅದಕ್ಕೆ ಕಬ್ಬಿಣದ ಚೌಕಟ್ಟು ಕೂರಿಸಬೇಕು. ಅದಕ್ಕೇ ಇವತ್ತು ಪೇಟೆಗೆ ಹೋಗಿ ಸುನಿಲನನ್ನು ಕರೆತಂದಿದ್ದಳು. ಬಂದು ನೋಡಿದರೆ ಅಚ್ಚಿನ ಅಂಚು ಆಗಲೇ ಮಾದರಿಯಿಂದ ಬಿಟ್ಟುಕೊಂಡಿತ್ತು. ಅಚ್ಚು ಎತ್ತಿದರೆ ಕೆಳಗಿನ ಹಲಸಿನ ಹಲಗೆ ಉದ್ದಕ್ಕೆ ಸೀಳಿತ್ತು. ಅದರಡಿಯಲ್ಲಿ, ಒಂದು ಮೂಲೆಗೆ, ಬೂದಿ ತುಂಬಿದ ಕೆಂಡದ ಬಾಂಡಲಿ.

ಅತ್ತೆ ಗುರುಸಿದ್ದಮ್ಮ ಮಳೆಗೆ ಗೊರಗ ಹೊದ್ದು ಅಂಗಳ ದಾಟಿ ಬಂದಳು. "ಒಣಗ್ತಾ ಮಗಾ?"

ಕುಸುಮಾಳಿಗೆ ಸಿಟ್ಟು ನೆತ್ತಿಗೇರಿತು. "ಯಾರು ಹೇಳಿದ್ರು ನಿಮ್ಗೆ ಕೆಂಡ ಇಡಿ ಅಂತ?"

"ಈ ಹಾಳು ಮಳೇಲಿ ಏನು ತಾನೆ ಒಣಗುತ್ತವ್ವ? ಅವನ ಅಂಗಿ ಚಡ್ಡಿ ಎಲ್ಲಾ ಹಿಂಗೇ ಕೆಂಡದ ಮ್ಯಾಲೆ ಒಣಗಿಸ್ಕೊಡ್ತಿದ್ದೆ. ಇದೂ ಅವಂದೇ ಅಲ್ವಾ..."

ಮುದುಕಿ ಮಾತು ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಆಮೇಲೆ ಸೀಳಿದ ಹಲಗೆ, ನೆಲ ಬಿಟ್ಟು ನಿಂತ ಮೂಲೆ. "ಅಯ್ಯೋ ಶಿವನೇ, ನಾನೇ ಕೆಡಿಸ್ದ್ನಾ?"

ಬೈಯಲು ಹೊರಟ ಕುಸುಮಾಳಿಗೆ ಅಳು ಬಂತು. ಇನ್ನೊಂದು ಮಾದರಿ ಮಾಡುವ ಕೈ ಈ ಮನೆಯಲ್ಲಿಲ್ಲ.

ಹೊರಗೆ ಗಂಗಣ್ಣನ ಬೈಕು ನಿಂತ ಸದ್ದಾಯಿತು. ಗುರುಸಿದ್ದಮ್ಮ ಗೊರಗ ಗೋಡೆಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು, ಎದ್ದಿದ್ದ ಮೂಲೆಯ ಮೇಲೆ ಮೆಲ್ಲಗೆ ಕೂತಳು. ಅಚ್ಚು ಕಟಕ್ಕೆಂದು ನೆಲ ಮುಟ್ಟಿತು.

ಗಂಗಣ್ಣ ತಲೆ ಒರೆಸಿಕೊಳ್ಳುತ್ತ ಒಳಗೆ ಬಂದ. ಅಚ್ಚನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. "ಪರವಾಗಿಲ್ವೇ, ನೆಟ್ಟಗೆ ಕೂತದೆ. ಅವ್ವ, ಅದ್ರ ಮ್ಯಾಲ್ ಯಾಕೆ ಕೂತೆ? ಏಳು ಮ್ಯಾಕೆ."

"ಕಾಲು ನೋವು ಕಣಪ್ಪ. ಇಲ್ಲೇ ಇರ್ತೀನಿ," ಅಂದಳು ಗುರುಸಿದ್ದಮ್ಮ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು.