ಗಾಜಿನ ಹಂಚಿನ ಮಾದರಿ ಕೊಠಡಿ

ತರಬೇತಿಗೆ ಹೋಗುವ ಮೊದಲು ನಾನೊಬ್ಬ ಸಾಧಾರಣ ಮೇಷ್ಟ್ರು. ಹಾಜರಿ ಕೂಗುತ್ತಿದ್ದೆ, ಬೋರ್ಡಿನ ತುಂಬ ಬರೆಯುತ್ತಿದ್ದೆ, ಮಾತಾಡಿದವರ ಕಡೆ ಸೀಮೆಸುಣ್ಣ ಎಸೆಯುತ್ತಿದ್ದೆ. ನನ್ನಿಂದ ಯಾರಿಗೂ ದೊಡ್ಡ ಉಪಕಾರವಾಗಿರಲಿಲ್ಲ, ದೊಡ್ಡ ಅಪಾಯವೂ ಇರಲಿಲ್ಲ. ತೊಂಬತ್ತೆಂಟರಲ್ಲಿ ಚಿಕ್ಕಮಗಳೂರಿಗೆ ಕರೆಸಿ ತರಬೇತಿ ಕೊಟ್ಟರು. ಮಗು ಶಾಲೆಗೆ ಹೊಂದಿಕೊಳ್ಳಬೇಕಾಗಿಲ್ಲ, ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕು ಎಂದರು. ಒಂದೊಂದು ಮಗುವಿನ ಅಗತ್ಯ ಒಂದೊಂದು ಥರ ಎಂದರು. ಕೇಳುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದ ಊಟವೂ ಚೆನ್ನಾಗಿತ್ತೆನ್ನಿ. ವಾಪಸು ಕಳಸದ ಬಸ್ಸು ಹತ್ತುವ ಹೊತ್ತಿಗೆ ಚನ್ನಕೇಶವ ಎಂಬ ಮೇಷ್ಟ್ರು ಹೋಗಿ ಚನ್ನಕೇಶವ ಎಂಬ ಸುಧಾರಕ ಹುಟ್ಟಿದ್ದ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆ ಸಂಸೆಯಿಂದ ಸ್ವಲ್ಪ ಮೇಲಕ್ಕೆ, ಕಾಫಿ ಎಸ್ಟೇಟುಗಳ ನಡುವೆ ಇದೆ. ಮಕ್ಕಳಲ್ಲಿ ಅರ್ಧದಷ್ಟು ಎಸ್ಟೇಟ್ ಲೈನಿನವರು, ಅಂದರೆ ಕೂಲಿಯವರ ಸಾಲುಮನೆಗಳವರು, ಉಳಿದರ್ಧ ಸಣ್ಣ ತೋಟದವರ ಮನೆಯವರು. ಮಳೆ ಬಿಟ್ಟ ಕೂಡಲೇ ಸುಧಾರಣೆಗೆ ಕೈ ಹಾಕಿದೆ. ಆರನೇ ಕ್ಲಾಸಿನ ಮೋಹಿತನಿಗೆ ಪೋಲಿಯೊದಿಂದ ಒಂದು ಕಾಲು ಸೋತಿತ್ತು, ಊರುಗೋಲಿನಲ್ಲಿ ಬರುತ್ತಿದ್ದ. ಅವನಿಗಾಗಿ ಜಗಲಿಗೆ ಸಿಮೆಂಟಿನ ಇಳಿಜಾರು ಕಟ್ಟಿಸಿದೆ. ಜಾಗ ಕಡಿಮೆ ಇದ್ದುದರಿಂದ ಅದು ಇಳಿಜಾರು ಎನ್ನುವುದಕ್ಕಿಂತ ಜಾರುಬಂಡಿಯೇ ಆಯಿತು. ಮೋಹಿತ ಅದನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಮೆಟ್ಲು ತೆಗ್ದುಬಿಡ್ತೀರಾ?" ಎಂದು ಹೆದರಿ ಕೇಳಿದ. ಇಲ್ಲ ಎಂದೆ. "ಹಂಗಾದ್ರೆ ಅಡ್ಡಿಲ್ಲ ಬಿಡಿ" ಎಂದು ಮೆಟ್ಟಿಲು ಹತ್ತಿ ಒಳಗೆ ಹೋದ. ಉಳಿದ ಹುಡುಗರೆಲ್ಲ ಅದರ ಮೇಲೆ ಜಾರಿ ಜಾರಿ ಚಡ್ಡಿ ಹರಿದುಕೊಂಡರು. ನಾನು ಆವತ್ತೇ ಪಾಠ ಕಲಿಯಬಹುದಿತ್ತು. ಆದರೆ ಮೇಷ್ಟ್ರುಗಳು ಪಾಠ ಕಲಿಯುವ ಪದ್ಧತಿ ನಮ್ಮಲ್ಲಿಲ್ಲ.

ಮುಂದಿನ ಸರದಿ ಪವಿತ್ರಾಳದು. ಏಳನೇ ಕ್ಲಾಸಿನ ಹುಡುಗಿ, ಲೈನಿನವಳು. ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ. ಕಣ್ಣುಗುಡ್ಡೆ ಒಂದೆಡೆ ನಿಲ್ಲದೆ ಅತ್ತಿತ್ತ ಅದುರುತ್ತಿತ್ತು. ಪುಸ್ತಕವನ್ನು ಮೂಗಿಗೆ ತಾಗಿಸಿಯೇ ಓದಬೇಕು. ಒಂದು ವರ್ಷ ಸ್ವಾತಂತ್ರ್ಯ ದಿನದ ಕವಾಯತಿಗೆ ನಿಲ್ಲಿಸಿದ್ದಕ್ಕೆ, ಮೋಡ ಸರಿದು ಬಂದ ಬಿಸಿಲಿಗೇ ಅವಳ ತೋಳಿನಲ್ಲಿ ಬೊಬ್ಬೆ ಎದ್ದಿತ್ತು. ಅಪ್ಪ, ಅಮ್ಮ ಇಬ್ಬರೂ ಕಾಫಿ ಹಣ್ಣು ಕುಯ್ಯಲು ಹೋಗುವವರು. ಅಂಥ ಮೈ ಇಟ್ಟುಕೊಂಡು ಇವಳು ಅವರ ಹಿಂದೆ ಎಸ್ಟೇಟಿಗೆ ಹೋಗುವಂತಿರಲಿಲ್ಲ. ನೆರಳಲ್ಲಿ ಕೂತು ಮಾಡುವಂಥ ಒಂದು ಕೆಲಸ ಬೇಕೆಂದರೆ ಅವಳು ಓದಲೇಬೇಕಿತ್ತು, ಏಳನೆಯದರ ಪರೀಕ್ಷೆ ದಾಟಲೇಬೇಕಿತ್ತು. ಓದಿನಲ್ಲಿ ಜಾಣೆಯೇ. ಹಿಂದಿನ ಬೆಂಚಿನಲ್ಲಿ, ಕತ್ತಲು ಕತ್ತಲಾಗಿದ್ದ ಮೂಲೆಯಲ್ಲಿ ಕೂತೂ ನೋಟ್ಸೆಲ್ಲ ಪೂರ್ತಿ ಬರೆದಿರುತ್ತಿದ್ದಳು.

ಕತ್ತಲಲ್ಲೇ ಇಷ್ಟು ಓದುವವಳು ಬೆಳಕಿನಲ್ಲಿ ಎಷ್ಟು ಓದಿಯಾಳು! ಈ ಯೋಚನೆ ಬಂದ ದಿನ ನನಗೆ ನನ್ನ ಮೇಲೆಯೇ ಗೌರವ ಉಕ್ಕಿ ಬಂತು. ದೊಡ್ಡ ಎಸ್ಟೇಟಿನ ಪರಮೇಶ್ವರಪ್ಪನವರ ಹತ್ತಿರ ಹೋಗಿ, ಮಕ್ಕಳ ಕಣ್ಣಿನ ವಿಚಾರ ಎಂದು ಭಾಷಣ ಮಾಡಿ, ಗಾಜಿನ ಹಂಚು ಕೊಡಿಸಿಕೊಂಡೆ. ಏಳನೇ ಕ್ಲಾಸಿನ ಮಾಡಿನಲ್ಲಿ ಮಣ್ಣಿನ ಹಂಚು ತೆಗೆದು ಗಾಜಿನವನ್ನು ಕೂರಿಸಿದ್ದಾಯಿತು. ಕೊಠಡಿ ಝಗ್ಗೆಂದಿತು. ಜೇಡರ ಬಲೆ, ಗೋಡೆಯ ಬಿರುಕು, ನನ್ನ ಅಂಗಿಯ ತೇಪೆ ಎಲ್ಲವೂ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡವು. ಪವಿತ್ರಾಳನ್ನು ಹಿಂದಿನಿಂದ ಎಬ್ಬಿಸಿ, ಮುಂದಿನ ಬೆಂಚಿನಲ್ಲಿ, ಸರಿಯಾಗಿ ಹಂಚಿನ ಬೆಳಕು ಬೀಳುವ ಜಾಗದಲ್ಲಿ ಕೂರಿಸಿದೆ. ಅವಳ ಪಕ್ಕ ಕೂರುತ್ತಿದ್ದ ಧನ್ಯಾ ಎಂಬ ಹುಡುಗಿ ಒಂದು ನಿಮಿಷ ಬಾಯಿ ಮುಚ್ಚುವವಳಲ್ಲ. ಪಾಠದ ನಡುವೆಯೂ ಇವಳ ಕಿವಿಯಲ್ಲಿ ಪಿಸಪಿಸ ಎನ್ನುತ್ತಲೇ ಇರುತ್ತಿದ್ದಳು. ಅವಳನ್ನು ಹಿಂದಿನ ಬೆಂಚಿನಲ್ಲೇ ಬಿಟ್ಟೆ. ಒಂದೇ ಏಟಿಗೆ ಎರಡು ಸುಧಾರಣೆ ಆಯಿತು ಎಂದುಕೊಂಡೆ.

"ಈಗ ಬೋರ್ಡು ಚೆನ್ನಾಗಿ ಕಾಣುತ್ತಲ್ವಾ ಪವಿತ್ರಾ?" ಎಂದು ಇಡೀ ಕ್ಲಾಸಿಗೆ ಕೇಳುವಂತೆ ಕೇಳಿದೆ.

"ಕಾಣುತ್ತೆ ಸಾರ್" ಎಂದಳು.

ಆದರೆ ಅಲ್ಲಿಂದ ಹುಡುಗಿ ಕೆಟ್ಟಳು. ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಖಾಲಿ. ಕೇಳಿದರೆ ತಲೆ ತಗ್ಗಿಸುತ್ತಾಳೆ. ಬೆಂಚಿನ ಮೇಲೆ ಹಣೆ ಇಟ್ಟು ಕೂರುತ್ತಾಳೆ, ಇಲ್ಲವೇ ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಳ್ಳುತ್ತಾಳೆ. ಹುಡುಗರು ನಕ್ಕರೆ ಅಳುತ್ತಾಳೆ. ನನಗೆ ಸಿಟ್ಟು ಬಂತು. ಸೌಕರ್ಯ ಕೊಟ್ಟ ಮೇಲೆ ಓದು ಕಡಿಮೆಯಾಗುವುದು ಯಾವ ನ್ಯಾಯ? ಇವಳಿಗಾಗಿ ಪರಮೇಶ್ವರಪ್ಪನವರ ಜಗಲಿಯಲ್ಲಿ ಅರ್ಧ ದಿನ ಕಾದಿದ್ದೆನಲ್ಲ! ಪವಿತ್ರಾ ಒಂದು ದಿನ ಬಂದರೆ ಎರಡು ದಿನ ಬಾರದಾದಳು, ಆಮೇಲೆ ಬರುವುದನ್ನೇ ಬಿಟ್ಟಳು. ಅತ್ತ ನನ್ನ ಕೀರ್ತಿ ಮಾತ್ರ ಬೆಳೆಯುತ್ತಲೇ ಇತ್ತು. ಮಾದರಿ ಕೊಠಡಿ ಎಂದು ಬಹುಮಾನ ಕೊಡುವ ಮೊದಲು ನೋಡಿಹೋಗಲು ಶಿಕ್ಷಣ ಇಲಾಖೆಯ ಸಾಹೇಬರು ಖುದ್ದು ಬರುತ್ತಾರೆಂದು ಕಚೇರಿಯಿಂದ ಸುದ್ದಿ ಬಂತು.

ಅದೇ ವಾರ ಊರಿಗೆಲ್ಲ ಮದ್ರಾಸ್ ಐ ಬಂತು. ನನಗೂ ಬಂತು. ರಜೆ ಹಾಕುವುದು ಬಿಟ್ಟು, ಸಾಹೇಬರು ಬರುವ ಹೊತ್ತಿನಲ್ಲಿ ಶಾಲೆ ನನ್ನ ಮೇಲೆಯೇ ನಿಂತಿದೆ ಎಂದು ಕಪ್ಪು ಕನ್ನಡಕ ಹಾಕಿಕೊಂಡು ಬಂದೆ. ಹುಡುಗರು ಸಿನಿಮಾ ಹೀರೋ ಎಂದು ಹಿಂದಿನಿಂದ ಅಂದದ್ದು ಕೇಳಿಸಿತು. ಲೆಕ್ಕ ಕೊಟ್ಟು ಸುಮ್ಮನೆ ಪವಿತ್ರಾಳ ಖಾಲಿ ಜಾಗದಲ್ಲಿ ಕೂತು, ಕಣ್ಣು ಒರೆಸಿಕೊಳ್ಳಲೆಂದು ಕನ್ನಡಕ ತೆಗೆದೆ. ಬಿಸಿಲು ನೆತ್ತಿಗೆ ಏರುತ್ತಿದ್ದ ಹೊತ್ತು. ಹಂಚಿನ ಬೆಳಕು ಸೂಜಿ ಚುಚ್ಚಿದ ಹಾಗೆ ಕಣ್ಣಿಗೆ ಹೊಕ್ಕಿತು. ಅಯ್ಯೋ ಎಂದು ಬೆಂಚಿನ ಮೇಲೆ ಹಣೆ ಇಟ್ಟೆ. ಸಾಲದೆ ಪುಸ್ತಕ ತೆಗೆದು ತಲೆಯ ಮೇಲೆ ಹಿಡಿದುಕೊಂಡೆ. ಕ್ಲಾಸು ಗೊಳ್ಳೆಂದು ನಕ್ಕಿತು.

ನಗು ಕೇಳುತ್ತಾ ಆ ಪುಸ್ತಕದಡಿಯಲ್ಲಿ ನನಗೆ ವಿಷಯ ಹೊಳೆಯಿತು. ಬೆಳ್ಳಗಿನ ರೆಪ್ಪೆಯ ಆ ಹುಡುಗಿಗೆ ವರ್ಷವಿಡೀ ಮದ್ರಾಸ್ ಐ. ನಾನು ಅವಳಿಗೆ ಕೊಟ್ಟದ್ದು ಬೆಳಕಲ್ಲ, ಶಿಕ್ಷೆ. ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು, ಯಾವ ಗಿಡಕ್ಕೆ ಎಷ್ಟು ನೆರಳು ಬೇಕೆಂದು ಚಿಕ್ಕಂದಿನಿಂದ ಮಾತು ಕೇಳುತ್ತಾ ಬಂದವನು. ನಾಲ್ಕು ಗೋಡೆಯೊಳಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಬಿಸಿಲು ಎಂದುಬಿಟ್ಟಿದ್ದೆ.

ಸಂಜೆ ಲೈನಿಗೆ ಹೋದೆ. ಪವಿತ್ರಾಳ ಅಜ್ಜಿ ಅಣ್ಣಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಮನೆಯಲ್ಲಿ ಮೊಮ್ಮಗಳ ವಿಚಾರವೆಲ್ಲ ಅವರದೇ ತೀರ್ಮಾನ.

"ಸೋಮವಾರದಿಂದ ಕಣಕ್ಕೆ ಕಳಿಸ್ತೀನಿ ಸಾರ್" ಎಂದರು. "ಎಸ್ಟೇಟಿನ ಲೆಕ್ಕ ಬರೆಯೋ ರೈಟರ ಹತ್ರ ಮಾತಾಡಾಗಿದೆ. ಪಾರ್ಚ್‌ಮೆಂಟ್ ಕೈಯಾಡಿಸೋದು, ಕೋಳಿ ಓಡಿಸೋದು."

ಕಣವೆಂದರೆ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗಿಸುವ ಅಂಗಳ. ಒಂದು ಮರವಿಲ್ಲ, ಒಂದು ಚಪ್ಪರವಿಲ್ಲ. "ಏನ್ ಅಣ್ಣಮ್ಮ ಹೀಗಂತೀರಿ? ಆ ಬಿಸಿಲಲ್ಲಿ ಅವಳ ಮೈ ಏನಾದೀತು?"

"ಶಾಲೇಲೂ ಬಿಸ್ಲು, ಕಣದಲ್ಲೂ ಬಿಸ್ಲು. ಕಣದಲ್ಲಾದ್ರೆ ಸಂಬಳ ಕೊಡ್ತಾರೆ."

ಇದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ನಾಳೆಯಿಂದ ಕ್ಲಾಸಿನಲ್ಲಿ ಬಿಸಿಲಿರುವುದಿಲ್ಲ, ಇದು ನನ್ನ ಮಾತು ಎಂದೆ. ಅಣ್ಣಮ್ಮ ನನ್ನ ಕೆಂಪು ಕಣ್ಣನ್ನು ಸ್ವಲ್ಪ ಹೊತ್ತು ನೋಡಿದರು. ಕುಡಿದು ಬಂದಿದ್ದಾನೋ ಎಂದು ಅನುಮಾನ ಬಂದಿರಬೇಕು.

"ನಾಳೆ ಒಂದಿನ ಕಳಿಸ್ತೀನಿ. ತಲೆನೋವು ಅಂತ ಅಳ್ತಾ ಬಂದ್ಲೋ, ಮತ್ತೆ ನಮ್ಮನೆ ಬಾಗ್ಲಿಗೆ ಬರ್ಬೇಡಿ."

ಒಳಗಿನ ಕತ್ತಲಿಂದ ಪವಿತ್ರಾಳ ದನಿ ಬಂತು. "ಸಾರ್, ನಂಗೆ ಮೊದ್ಲಿನ ಜಾಗನೇ ಕೊಡ್ತೀರಾ?"

ಕೊಡದೆ ಏನು, ಎಂದೆ. ಯಾಕೆ ಬೇಕು ಎಂದು ಕೇಳಲಿಲ್ಲ. ಔದಾರ್ಯದ ಭರದಲ್ಲಿದ್ದವನಿಗೆ ಪ್ರಶ್ನೆ ಕೇಳುವ ವ್ಯವಧಾನ ಎಲ್ಲಿಯದು!

ಮರುದಿನ ಬೆಳಿಗ್ಗೆ ಕಾಳುಮೆಣಸು ಕುಯ್ಯುವ ಏಣಿ ತಂದು ಮಾಡಿಗೆ ಒರಗಿಸಿದೆ. ಗಾಜನ್ನು ಕೀಳಿಸೋಣವೆಂದರೆ ತೆಗೆದ ಮಣ್ಣಿನ ಹಂಚುಗಳನ್ನು ಯಾರೋ ಕೋಳಿಗೂಡಿಗೆ ಒಯ್ದಿದ್ದರು. ಕಣ ಸಾರಿಸಲು ಕಲಸಿದ ಸಗಣಿ ಎಸ್ಟೇಟಿನಲ್ಲಿ ಬೇಕಾದಷ್ಟು ಇತ್ತು, ಒಂದು ಬಕೆಟ್ ಕೇಳಿ ತಂದೆ. ಪಂಚೆ ಎತ್ತಿ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಮುಖ್ಯೋಪಾಧ್ಯಾಯರಾದ ನಾವು ಮಾಡಿನ ಮೇಲೆ ಅಂಬೆಗಾಲಿಟ್ಟೆವು. ಕೆಳಗಿಂದ ಮಕ್ಕಳೆಲ್ಲ, "ಸಾರ್, ಅಲ್ಲಿ ಬಿಟ್ಟೋಯ್ತು, ಇಲ್ಲಿ ತೆಳು ಆಯ್ತು" ಎಂದು ಮೇಸ್ತ್ರಿಗಿರಿ ಮಾಡಿದರು. ಕೊನೆಯ ಹಂಚಿಗೆ ಬಳಿಯುತ್ತಿದ್ದಾಗ ಜೀಪಿನ ಸದ್ದಾಯಿತು. ಸಾಹೇಬರು ಬರುವುದು ನಾಡಿದ್ದು ಎಂದುಕೊಂಡಿದ್ದೆ.

ಜೀಪಿನಿಂದ ಸಾಹೇಬರೂ ಪರಮೇಶ್ವರಪ್ಪನವರೂ ಇಳಿದು ತಲೆ ಎತ್ತಿ ನೋಡಿದರು. ನಾನು ಮೇಲಿಂದಲೇ ನಮಸ್ಕಾರ ಮಾಡಿದೆ, ಎರಡೂ ಕೈಯಲ್ಲಿ ಸಗಣಿ.

"ಎಂತದು ಮಾರಾಯ್ರೆ ಇದು?" ಎಂದರು ಪರಮೇಶ್ವರಪ್ಪ. "ನನ್ನ ಗಾಜಿನ ಹಂಚಿಗೆ ಸಗಣಿ ಬಳೀತಿದ್ದೀರಲ್ಲ!"

"ನೆರಳು ಮಾಡ್ತಿದ್ದೀನಿ ಸಾರ್" ಎಂದೆ.

ಕೈ ತೊಳೆದು ಬಂದು ಪಾಠ ಶುರು ಮಾಡಿದೆ. ಇಬ್ಬರೂ ಕುರ್ಚಿಯಲ್ಲಿ ಕೂತು ಮಾಡು ನೋಡುತ್ತಿದ್ದರು, ಎಲ್ಲಿ ತೊಟ್ಟಿಕ್ಕುತ್ತದೋ ಎಂದು. ಕೊಠಡಿಯಲ್ಲಿ ಮೊದಲಿನ ಮಬ್ಬು. ಹಿಂದಿನ ಬೆಂಚಿನ ಮೂಲೆಯಲ್ಲಿ ಪವಿತ್ರಾ ತಲೆ ಎತ್ತಿ ಕೂತಿದ್ದಳು, ಕಣ್ಣು ಪೂರ್ತಿ ತೆರೆದಿತ್ತು. ಬಹುಮಾನ ಹೋದರೆ ಹೋಗಲಿ, ಇಷ್ಟಾದರೂ ಸರಿ ಮಾಡಿದೆನಲ್ಲ ಎಂದು ನನ್ನ ಎದೆ ಮತ್ತೆ ಉಬ್ಬಿತು. ಬೋರ್ಡಿಗೆ ತಿರುಗಿ ನದಿಗಳ ಪಾಠ ಬರೆಯತೊಡಗಿದೆ.

ಹಿಂದೆ ಪಿಸಪಿಸ ಶುರುವಾಯಿತು. ತಿರುಗಿ ಧನ್ಯಾಳನ್ನು ಗುರುಗುಟ್ಟಿ ನೋಡಿದೆ. ಕಪ್ಪು ಕನ್ನಡಕದೊಳಗಿನ ಗುರುಗುಟ್ಟುವಿಕೆ ಅವಳಿಗೆ ಹೇಗೆ ತಿಳಿಯಬೇಕು? ಪಿಸಪಿಸ ನಿಲ್ಲಲಿಲ್ಲ.

"ಏನ್ರೀ ಇದು, ಶಿಸ್ತೇ ಇಲ್ಲ" ಎಂದರು ಸಾಹೇಬರು. ಎದ್ದು ನಿಂತು ಧನ್ಯಾಳ ಕಡೆ ಬೆರಳು ತೋರಿಸಿದರು. "ಏ ಹುಡುಗಿ, ಪಾಠ ಬೇಡ ಅಂದ್ರೆ ಹೊರಗೆ ಹೋಗು."

ಧನ್ಯಾ ಎದ್ದಳು. ಅವಳ ಮಾತು ಮೊದಲ ಸಲ ನಿಂತುಹೋಗಿತ್ತು. ಬೆಂಚು ದಾಟುವಷ್ಟರಲ್ಲಿ ಪವಿತ್ರಾ ಅವಳ ಲಂಗ ಹಿಡಿದುಕೊಂಡು ತಾನೂ ಎದ್ದು ನಿಂತಳು. ನಮ್ಮ ಕಡೆ ಎಲ್ಲೋ ನೋಡುತ್ತಾ, ನಡುಗುವ ದನಿಯಲ್ಲಿ ಹೇಳಿದಳು.

"ಅವ್ಳು ಮಾತಾಡ್ತಿಲ್ಲ ಸಾರ್. ಬೋರ್ಡ್ ಓದಿ ಹೇಳ್ತಿದಾಳೆ. ನಂಗೆ ಬೋರ್ಡ್ ಕಾಣಲ್ಲ."

"ಕಾಣಲ್ವಾ?" ಎಂದೆ. "ಕತ್ತಲು ಜಾಸ್ತಿ ಆಯ್ತಾ?"

"ಕತ್ಲಿಗಲ್ಲ ಸಾರ್. ಯಾವತ್ತೂ ಕಂಡಿಲ್ಲ. ಮುಂದೆ ಕೂತ್ರೂ ಕಾಣಲ್ಲ. ಒಂದ್ನೇ ಕ್ಲಾಸಿಂದ ಅವ್ಳೇ ಓದಿ ಹೇಳೋದು."

ನಾನು ತಿರುಗಿ ಬೋರ್ಡನ್ನು ನೋಡಿದೆ. ಇಷ್ಟು ವರ್ಷ ಅದರ ತುಂಬ ಬರೆದು, ಅಳಿಸಿ, ಮತ್ತೆ ಬರೆದಿದ್ದೆ. ಅಷ್ಟೂ ಪಾಠವನ್ನು ಅವಳಿಗೆ ಮಾಡಿದ್ದು ಒಬ್ಬ ವಾಚಾಳಿ ಹುಡುಗಿ, ಅದೂ ನನ್ನ ಸೀಮೆಸುಣ್ಣದ ಏಟು ತಿನ್ನುತ್ತಾ. ಶಾಲೆಯಲ್ಲಿದ್ದ ಒಂದೇ ಒಂದು ಸರಿಯಾದ ಏರ್ಪಾಡನ್ನು ನಾನು ಹುಡುಕಿ ಹುಡುಕಿ ಕಿತ್ತು ಹಾಕಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೊತೆಗೇ, ಎಲ್ಲದಕ್ಕೂ 'ಕಾಣುತ್ತೆ ಸಾರ್' ಎನ್ನುತ್ತಿದ್ದವಳು ಇಷ್ಟು ಜನರ ಮುಂದೆ 'ಕಾಣಲ್ಲ' ಎಂದಳಲ್ಲ ಎಂದು ಅಳು ಬರುವಷ್ಟು ಸಂತೋಷವೂ ಆಯಿತು. ಕನ್ನಡಕವಿದ್ದದ್ದು ಒಳ್ಳೆಯದೇ ಆಯಿತು.

"ಧನ್ಯಾ, ಕೂತ್ಕೊ" ಎಂದೆ. ಸಾಹೇಬರು ನನ್ನನ್ನು ನೋಡಿದರು. "ಕೂತ್ಕೊಳ್ಳಲಿ ಸಾರ್, ಅವಳದ್ದೂ ಪಾಠವೇ" ಎಂದೆ ಅವರಿಗೆ. ಅವರೂ ಕೂತರು. ಮಾದರಿ ಕೊಠಡಿಯ ಮಾತು ಅಲ್ಲಿಗೆ ಮುಗಿಯಿತೆಂದು ಅವರ ಮುಖವೇ ಹೇಳುತ್ತಿತ್ತು.

ಸೀಮೆಸುಣ್ಣ ಎತ್ತಿಕೊಂಡೆ. ಈಗ ಎಂಥ ಹೊಸ ಏರ್ಪಾಡು ಮಾಡಬಹುದು ಎಂದು ತಲೆ ಅಭ್ಯಾಸಬಲದಿಂದ ಹುಡುಕಿತು. ಆಮೇಲೆ, ಬಾಯೊಂದು ನನಗೂ ಇದೆಯಲ್ಲ ಎಂದು ಹೊಳೆಯಿತು. ಒಂದೊಂದು ಪದ ಬರೆಯುತ್ತಾ ಅದನ್ನೇ ಗಟ್ಟಿಯಾಗಿ ಓದತೊಡಗಿದೆ. ಭದ್ರಾ ನದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ತುಂಗೆಯನ್ನು ಸೇರುತ್ತದೆ. ಅರ್ಧ ಬೋರ್ಡು ತುಂಬುವಷ್ಟರಲ್ಲಿ ಹಳೆಯ ಓಟ ಹತ್ತಿತು, ಕೈಗಿಂತ ಬಾಯಿ ಮುಂದೆ ಹೋಯಿತು.

"ಸಾರ್" ಎಂದು ಹಿಂದಿನ ಮೂಲೆಯಿಂದ ಪವಿತ್ರಾಳ ದನಿ ಬಂತು. ಈ ಸಲ ನಡುಗುತ್ತಿರಲಿಲ್ಲ. "ನಿಧಾನಕ್ಕೆ ಹೇಳಿ. ಆ ಕೊನೇದು ಬರ್ಕೊಂಡಿಲ್ಲ, ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದೆ.